ಬೇಡಪ್ಪನವರ ಹೆಸರಿನ ಮುಂದೆ ಹಸಿರು ದೀಪ

ಗಂಟೆ ನಿಂತಿತು. ಸದನದ ಗೋಡೆಯ ಮೇಲಿನ ಫಲಕದಲ್ಲಿ ದೀಪಗಳು ಹತ್ತಿಕೊಂಡವು. ಪರ ಎಂದವರಿಗೆ ಹಸಿರು, ವಿರೋಧ ಎಂದವರಿಗೆ ಕೆಂಪು. ಬೇಡಪ್ಪನವರ ಹೆಸರಿನ ಮುಂದೆ ಹತ್ತಿದ್ದು—ಹಸಿರು!

ಪತ್ರಕರ್ತರ ಗ್ಯಾಲರಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಗದೆ ಏನು ಮಾಡಿಯಾರು? ಜನರ ಆಸ್ತಿಯನ್ನು ಮಾರುವ, ಮುಚ್ಚುವ ಮಸೂದೆ ಯಾವುದೇ ಬರಲಿ, ತಮ್ಮ ಪಕ್ಷವೇ ತರಲಿ, ‘ಬೇಡ’ ಎಂದೇ ಮತ ಹಾಕಿ ಹಾಕಿ ಆ ಹೆಸರು ಗಳಿಸಿದವರು ಅವರು. ಅಂಥವರು ತಮ್ಮದೇ ಊರಿನ ಸರ್ಕಾರಿ ಆಸ್ಪತ್ರೆಯನ್ನು ಮುಚ್ಚುವ ಮಸೂದೆಗೆ ‘ಪರ’ ಎಂದಿದ್ದರು. ಮಸೂದೆ ಗೆದ್ದದ್ದು ಒಂದೇ ಒಂದು ಮತದಿಂದ.

“ಅದು ನನ್ನ ಮತ ಅಲ್ಲ!” ಬೇಡಪ್ಪನವರು ಎದ್ದು ಕೂಗಿದರು. “ಯಂತ್ರ ಕೆಟ್ಟಿದೆ!”

ಸಭಾಧ್ಯಕ್ಷರು ಫಲಿತಾಂಶವನ್ನು ಆಗಲೇ ಘೋಷಿಸಿಬಿಟ್ಟಿದ್ದರು. ಇನ್ನು ಉಳಿದದ್ದು ಒಂದೇ ದಾರಿ. ಯಂತ್ರ ಕೆಟ್ಟಿತ್ತೆಂದೋ, ಮೋಸ ನಡೆದಿತ್ತೆಂದೋ ನಾಳೆ ಸದನ ಸೇರುವ ಮೊದಲು ಸಾಬೀತಾಗಬೇಕು. ಆಗ ಆ ಮತ ರದ್ದು. ಮತಗಳು ಸಮವಾದರೆ ಮಸೂದೆ ಬಿದ್ದಂತೆ.

ಸಭಾಧ್ಯಕ್ಷರು ‘ಜರಡಿ’ಗೆ ಹೇಳಿಕಳಿಸಿದರು. ಪೊಲೀಸ್ ಇಲಾಖೆಯಿಂದ ಸದನದ ಭದ್ರತೆಗೆ ಬಂದ ಅಧಿಕಾರಿಣಿ ಆಕೆ. ಅವಳ ಕೈಗೆ ಬಿದ್ದರೆ ಹಿಟ್ಟು ಬೇರೆ, ತೌಡು ಬೇರೆ ಆಗುತ್ತದೆಂದು ಇಲಾಖೆಯವರೇ ಇಟ್ಟ ಹೆಸರು.

ಸದನ ಖಾಲಿಯಾದ ಮೇಲೆ ಜರಡಿ ನೇರವಾಗಿ ಬೇಡಪ್ಪನವರ ಮೇಜಿಗೆ ಬಂದಳು. ಮತಯಂತ್ರ ನೋಡಿಕೊಳ್ಳುವ ಮೇಸ್ತ್ರಿ ಅಲ್ಲೇ ನಿಂತಿದ್ದ.

“ಯಂತ್ರಕ್ಕೆ ಏನೂ ಆಗಿಲ್ಲ ಮೇಡಂ. ಕೊನೆಗೆ ನನ್ನ ತಲೆ ಮೇಲೇ ಗೂಬೆ ಕೂರಿಸ್ತಾರೆ ಅಂತ ಗೊತ್ತಿತ್ತು. ಅದಕ್ಕೇ ಕದಲದೆ ನಿಂತಿದೀನಿ.”

ಜರಡಿ ಕೆಂಪು ಗುಂಡಿ ಒತ್ತಿದಳು. ಫಲಕದಲ್ಲಿ ಏನೂ ಹತ್ತಲಿಲ್ಲ.

“ಕೆಟ್ಟಿದೆಯಲ್ಲಪ್ಪ?”

“ಹಾಗಲ್ಲ ಮೇಡಂ. ಬಲಗಡೆ ಮೇಜಿನ ಕೆಳಗೆ ಸ್ವಿಚ್ ಇದೆ ನೋಡಿ, ಅದನ್ನ ಬಲಗೈಲಿ ಒತ್ತಿ ಹಿಡ್ಕೊಳ್ಳಿ. ಹಿಡ್ಕೊಂಡೇ, ಎಡಗೈಲಿ ಮೇಜಿನ ಮೇಲೆ ಎಡಗಡೆ ಇರೋ ಗುಂಡಿ ಒತ್ತಿ. ಎರಡೂ ಒಟ್ಟಿಗೇ ಆಗ್ಬೇಕು. ಹಿಂದೆ ಪಕ್ಕದವರು ಇಲ್ದಾಗ ಅವರ ಮತಾನೂ ಒತ್ತಿಬಿಡೋ ಪುಣ್ಯಾತ್ಮರಿದ್ರು. ಅದಕ್ಕೇ ಈ ಏರ್ಪಾಡು.”

ಒತ್ತಿದಳು. ಕೆಂಪು. ಇನ್ನೊಮ್ಮೆ. ಹಸಿರು. ಯಂತ್ರದಲ್ಲಿ ದೋಷವಿರಲಿಲ್ಲ.

“ಅವರ ಅಕ್ಕಪಕ್ಕ ಯಾರು ಕೂರ್ತಾರೆ?”

“ಬಲಕ್ಕೆ ಓಡಾಡೋ ದಾರಿ. ಗಂಟೆ ಹೊಡೆಯುವಾಗ ಅಲ್ಲಿ ಯಾರೂ ನಿಲ್ಲೋ ಹಾಗಿಲ್ಲ, ನಾನೂ ಇಲ್ಲೇ ನೋಡ್ತಿದ್ದೆ, ಯಾರೂ ಇರ್ಲಿಲ್ಲ. ಎಡಕ್ಕೆ ಅವರ ಸೋದರಳಿಯ, ಅವರೂ ಸದಸ್ಯರೇ.”

ಸೋದರಳಿಯ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿದ್ದ. ಆಡಳಿತ ಪಕ್ಷದ ಸಚೇತಕ ಅವನ ಬೆನ್ನು ತಟ್ಟಿ, “ನಾಳೆ ಕೂತು ಮಾತಾಡೋಣ,” ಎಂದು ಹೊರಟ. ವಿರೋಧ ಪಕ್ಷದವನ ಬೆನ್ನು! ಜರಡಿ ಎದುರಿಗೆ ಕುರ್ಚಿ ಎಳೆದುಕೊಂಡಳು.

“ನಿಮ್ಮ ಮಾವನವರ ಮತ ಹೇಗೆ ಹೀಗಾಯ್ತು?”

“ಏನು ಹೇಳ್ಲಿ ಮೇಡಂ? ವಯಸ್ಸಾಯ್ತು. ಕೆಂಪು ಒತ್ತೋ ಕಡೆ ಹಸಿರು ಒತ್ತಿರ್ತಾರೆ. ಬಾಯಿಬಿಟ್ಟು ಹೇಳೋಕಾಗುತ್ತಾ?”

“ಅವರು ಒತ್ತಿದ್ದನ್ನ ನೀವು ಕಣ್ಣಾರೆ ಕಂಡ್ರಾ?”

“ಇಲ್ಲ ಇಲ್ಲ. ನನ್ನ ಪಾಡಿಗೆ ನಾನು ಮತ ಹಾಕ್ತಿದ್ದೆ. ನಂದು ಕೆಂಪೇ. ಬೇಕಾದ್ರೆ ಫಲಕ ನೋಡಿ!”

“ನಿಮ್ಮ ಮತದ ವಿಷಯ ನಾನು ಕೇಳಲೇ ಇಲ್ವಲ್ಲ?”

ಅವನು ಚಹಾದ ಕಪ್ಪಿನೊಳಗೆ ನೋಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆದರೆ ಗಾದೆಯನ್ನು ಸಾಕ್ಷಿಕಟ್ಟೆಗೆ ಹತ್ತಿಸಲಾಗುವುದಿಲ್ಲ ಎಂಬುದು ಜರಡಿಗೆ ಗೊತ್ತಿತ್ತು.

ಸಂಜೆ ಅವಳು ಬೇಡಪ್ಪನವರ ಮನೆಗೆ ಹೋದಳು. ಮನೆಯಲ್ಲೂ ಅವರು ಕೋಟು ತೊಟ್ಟೇ ಕೂತಿದ್ದರು, ಎಡಗೈ ಜೇಬಿನಲ್ಲಿ. ಅವರ ಹೆಂಡತಿ ಕಿತ್ತಳೆ ಸುಲಿದು ತೊಳೆ ತೊಳೆಯಾಗಿ ತಟ್ಟೆಯಲ್ಲಿಟ್ಟು ಗಂಡನ ಮುಂದೆ ಸರಿಸಿದರು. ಜರಡಿಗೆ ಮಾತ್ರ ಇಡೀ ಹಣ್ಣು ಕೊಟ್ಟರು.

“ಹೊರಗೆ ಓಡಾಡೋಕೆ ಆಗ್ತಿಲ್ಲ ತಾಯಿ,” ಎಂದರು ಬೇಡಪ್ಪನವರು. “ಊರಿಂದ ಒಂದೇ ಸಮ ಫೋನು. ಆ ಆಸ್ಪತ್ರೆಗೆ ಕಲ್ಲು ಇಟ್ಟ ದಿನ ನಾನು ಮೊದಲ ಸಲ ಸದಸ್ಯ. ಹತ್ತಿರದ ಇನ್ನೊಂದು ಆಸ್ಪತ್ರೆ ಬೆಟ್ಟದ ಆಚೆಗಿದೆ. ಹೆರಿಗೆ ನೋವು ಬಂದವಳನ್ನ ಎಲ್ಲಿಗೆ ಕರ್ಕೊಂಡು ಹೋಗ್ತಾರೆ? ಮುಚ್ಚಿಸಿದ್ದು ನೀವೇ ಅಂತಾರೆ. ಯಾವ ಮುಖ ಇಟ್ಕೊಂಡು ಊರಿಗೆ ಹೋಗ್ಲಿ?”

“ನೀವು ಒತ್ತಿದ್ದು ಯಾವ ಗುಂಡಿ ಸರ್?”

“ನನ್ನ ಮತ ವಿರೋಧ.”

“ಅದು ಸರಿ. ಒತ್ತಿದ್ದು?”

“ಯಂತ್ರ ತಪ್ಪಿದೆ ಅಂತ ಹೇಳ್ತಿದಾರಲ್ಲಮ್ಮ,” ಎಂದು ಹೆಂಡತಿ ನಡುವೆ ಬಾಯಿ ಹಾಕಿದರು.

ಜರಡಿ ಹೇಳಿಕೆಯ ಹಾಳೆ ಮುಂದಿಟ್ಟಳು. ಅವರು ಬಲಗೈಯಿಂದ ಸಹಿ ಹಾಕತೊಡಗಿದರು. ಹಾಳೆ ಪೆನ್ನಿನ ಜೊತೆಗೇ ಜಾರಿತು. ಹೆಂಡತಿ ತಟಕ್ಕನೆ ಅಂಗೈ ಊರಿ ಅದನ್ನು ಹಿಡಿದರು. ಜರಡಿ ಮತ್ತೇನೂ ಕೇಳದೆ ಕಿತ್ತಳೆ ಸುಲಿದು ತಿಂದಳು. ಹಣ್ಣು ಹುಳಿಯಾಗಿತ್ತು.

ಬಾಗಿಲಲ್ಲಿ ತಿರುಗಿ ನಿಂತು ಕೇಳಿದಳು, “ನಿಮ್ಮ ಸೋದರಳಿಯ ಎಂಥವರು?”

“ಅಪ್ಪನಿಲ್ಲದ ಹುಡುಗ. ಹೆಗಲ ಮೇಲೆ ಹೊತ್ತು ಬೆಳೆಸಿದೀನಿ. ಅವನ ಸುದ್ದಿಗೆ ಹೋಗ್ಬೇಡ ತಾಯಿ.” ದನಿ ಗಟ್ಟಿಯಾಗಿತ್ತು. ಅದರಲ್ಲಿದ್ದ ಪ್ರೀತಿ ಕೇಳಿ ಜರಡಿಗೆ ಮರುಕವಾಯಿತು.

ಬೆಳಿಗ್ಗೆ, ಸದನ ಸೇರುವ ಮುಂಚೆ, ಖಾಲಿ ಸಭಾಂಗಣದಲ್ಲಿ ಸಭಾಧ್ಯಕ್ಷರು, ಬೇಡಪ್ಪನವರು ಮತ್ತು ಸೋದರಳಿಯ ಮಾತ್ರ ಇದ್ದರು. ಜರಡಿ ಇಬ್ಬರನ್ನೂ ಅವರವರ ಜಾಗದಲ್ಲಿ ಕೂರಿಸಿದಳು.

“ಸರ್, ನಿನ್ನೆ ಹೇಗೆ ಮತ ಹಾಕಿದ್ರೋ ಹಾಗೇ ಒಂದು ಸಲ ಹಾಕಿ ತೋರಿಸ್ತೀರಾ?”

ಬೇಡಪ್ಪನವರ ಬಲಗೈ ಮೇಜಿನ ಕೆಳಗೆ ಹೋಯಿತು. ಎಡಗೈ ಜೇಬಿನಲ್ಲೇ ಉಳಿಯಿತು. ಸಭಾಧ್ಯಕ್ಷರು ಕಾದರು. ಆ ಕೈ ಹೊರಗೆ ಬರಲಿಲ್ಲ.

“ನಿನ್ನೆಯಿಂದ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ,” ಎಂದಳು ಜರಡಿ. “ಒತ್ತಿದ್ದು ಯಾವ ಗುಂಡಿ? ಯಾವ ಕೈಯಿಂದ ಅಂತ ನಾನೂ ಮೊದಲು ಕೇಳ್ಲಿಲ್ಲ. ಮನೆಗೆ ಹೋದ್ರೆ ಇವರಿಗೆ ಹಣ್ಣು ಸುಲಿದು ಕೊಟ್ರು. ಸಹಿ ಹಾಕುವಾಗ ಹಾಳೆ ಹಿಡಿಯೋಕೆ ಇನ್ನೊಬ್ಬರು ಬೇಕಾಯ್ತು. ಎಡಗೈ ಸ್ವಾಧೀನದಲ್ಲಿಲ್ಲ. ಸರ್, ಇದು ಯಾವಾಗಿಂದ?”

“ಬೇಸಿಗೆಯಿಂದ. ಲಕ್ವ ಹೊಡೀತು. ಊರಿನ ಆಸ್ಪತ್ರೆಯ ಡಾಕ್ಟರು ಯಾರಿಗೂ ಹೇಳ್ದೆ ನೋಡ್ಕೊಂಡ್ರು. ಗೊತ್ತಾದ್ರೆ ಪಕ್ಷದಲ್ಲಿ ನನ್ನ ಮೂಲೆಗೆ ತಳ್ತಿದ್ರು.”

“ಎರಡು ಕೈ ಬೇಕಾದ ಯಂತ್ರ. ಇವರಿಗೆ ಇರೋದು ಒಂದು. ಆದ್ರೂ ಮತ ಬಿದ್ದಿದೆ. ಅಂದ್ರೆ ಇವರು ಸ್ವಿಚ್ ಹಿಡ್ಕೊಂಡು ಫಲಕ ನೋಡ್ತಿದ್ರು, ಗುಂಡಿ ಒತ್ತಿದ್ದು ಇನ್ನೊಂದು ಕೈ. ಗುಂಡಿ ಇರೋದು ಎಡಕ್ಕೆ. ಎಡಕ್ಕೆ ಕೂತಿದ್ದು ನೀವೊಬ್ಬರೇ!”

ಸೋದರಳಿಯ ಎದ್ದು ನಿಂತ. “ನನ್ನ ಮತ ಕೆಂಪು!”

“ಹೌದು. ನಿಮ್ಮ ಹೆಸರಿಗೆ ಕೆಂಪು, ಮಾವನ ಹೆಸರಿಗೆ ಹಸಿರು. ಹಾವೂ ಸಾಯಬೇಕು, ಕೋಲೂ ಮುರೀಬಾರದು. ಸಚೇತಕರು ಇವತ್ತು ಕೂತು ಮಾತಾಡೋಣ ಅಂದಿದ್ದು ಯಾವ ಖಾತೆ ಬಗ್ಗೆ?”

“ಮಾವ, ಒಪ್ಕೋಬೇಡಿ!” ಅವನು ಬೇಡಪ್ಪನವರ ಕಡೆ ಬಾಗಿದ. “ಬೇರೆಯವರ ಕೈಲಿ ಮತ ಹಾಕಿಸಿದ್ರೆ ಸದಸ್ಯತ್ವವೇ ಹೋಗುತ್ತೆ. ಇಷ್ಟು ವರ್ಷದ ಹೆಸರು ಮಣ್ಣುಪಾಲಾಗುತ್ತೆ. ಯಂತ್ರ ಅನ್ನಿ, ಮರೆವು ಅನ್ನಿ, ಏನಾದ್ರೂ ಅನ್ನಿ. ಇಬ್ಬರೂ ಉಳ್ಕೋತೀವಿ.”

ಬೇಡಪ್ಪನವರು ಅವನನ್ನೇ ನೋಡಿದರು. ಸಿಟ್ಟಿಗಿಂತ ನೋವು ಹೆಚ್ಚಾಗಿತ್ತು ಆ ನೋಟದಲ್ಲಿ.

“ಕೆಂಪು ಒತ್ತೋ ಅಂದಿದ್ದೆನಲ್ಲೋ ಮಗನೇ.”

“ಮಂತ್ರಿ ಮಾಡ್ತೀನಿ ಅಂದ್ರು ಮಾವ...”

“ಯಂತ್ರಕ್ಕೆ ಬುದ್ಧಿ ಕೆಟ್ಟಿದೆ ಅಂತ ರಾತ್ರಿಯೆಲ್ಲಾ ನಂಬಿದ್ದೆ. ನಿನ್ನ ಅನುಮಾನಿಸಿದ್ರೆ ಪಾಪ ಬರುತ್ತೆ ಅಂತ.” ಅವರು ಸಭಾಧ್ಯಕ್ಷರ ಕಡೆ ತಿರುಗಿದರು. “ಸದನ ಸೇರಲಿ. ನಾನೇ ಹೇಳ್ತೀನಿ.”

ಹೇಳಿದರು. ಜೇಬಿನಿಂದ ಎಡಗೈಯನ್ನು ಬಲಗೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟು, ಎಲ್ಲರೂ ನೋಡುವಂತೆ, ತಮ್ಮ ತಪ್ಪನ್ನೂ ಅಳಿಯನ ತಪ್ಪನ್ನೂ ಹೇಳಿದರು. ಇಬ್ಬರ ಸದಸ್ಯತ್ವವೂ ಹೋಯಿತು. ಆ ಮತ ರದ್ದಾಯಿತು. ಸಂಖ್ಯೆ ಸಮವಾಗಿ ಮಸೂದೆ ಬಿದ್ದಿತು.

ಜರಡಿ ಅವರನ್ನು ಬಾಗಿಲವರೆಗೆ ಬಿಡಲು ಹೋದಳು. ಅವರ ಬದುಕನ್ನೇ ತಾನು ಕಿತ್ತುಕೊಂಡೆನೆಂದು ಅವಳಿಗೆ ಅನ್ನಿಸಿತು. “ಕ್ಷಮಿಸಿ ಸರ್,” ಎಂದಳು.

“ಕ್ಷಮಿಸೋಕೆ ಏನಿದೆ ತಾಯಿ?” ಬೇಡಪ್ಪನವರು ಮೆಟ್ಟಿಲ ಮೇಲೆ ನಿಂತು ಉಸಿರು ಸುಧಾರಿಸಿಕೊಂಡರು. “ಇಷ್ಟು ವರ್ಷ ಬೇಡ ಬೇಡ ಅಂತ ಕೈಯೆತ್ತಿದೆ. ಒಂದನ್ನೂ ತಡೆಯೋಕಾಗಿರ್ಲಿಲ್ಲ. ಇವತ್ತು ಒಂದು ನಿಂತಿತು ನೋಡು, ನನ್ನ ಮತವನ್ನ ಹೊಡೆದು ಹಾಕಿದ ಮೇಲೆ.”