ಲ್ಯಾಬಿನ ನೆಲಕ್ಕೆ ಚೆಲ್ಲಿದ ಅಂಟು

"ಬೀರು ಒಡೆದಿದ್ದಾರೆ! ಸೂತ್ರದ ಪುಸ್ತಕ ಇಲ್ಲ!"

ಲ್ಯಾಬಿನ ಮುಖ್ಯಸ್ಥ ಶಿವರಾಮಯ್ಯ ಕೂಗಿಕೊಂಡಾಗ ಬೆಳಗಿನ ಎಂಟು ಗಂಟೆ. ೧೯೮೨ರ ಶ್ರಾವಣ. ತುಮಕೂರಿನ ಹೊರವಲಯದ ಆ ದೊಡ್ಡ ಕೆಮಿಕಲ್ ಕಾರ್ಖಾನೆಯವರು ಲೋಹಕ್ಕೆ ಲೋಹ ಕಚ್ಚಿಸುವ ಹೊಸ ಅಂಟಿಗಾಗಿ ಮೂರು ವರ್ಷ ಬೆವರು ಸುರಿಸಿದ್ದರು. ಆ ಸೂತ್ರ ಬೇರೆ ಕಂಪನಿಯ ಕೈ ಸೇರಿದರೆ ಎಲ್ಲವೂ ಮಣ್ಣುಪಾಲು.

ಬೀರುವಿನ ಬೀಗ ಮುರಿದಿತ್ತು; ಅದರ ಬೀಗದ ಕೈ ಶಿವರಾಮಯ್ಯನ ಬಳಿ ಮಾತ್ರ ಇರುತ್ತಿತ್ತು. ಮೇಲಿದ್ದ ಅಂಟಿನ ಡಬ್ಬ ಉರುಳಿ ನೆಲವೆಲ್ಲ ಚೆಲ್ಲಿತ್ತು. ಒರೆಸಲು ಪ್ಯಾಕಿಂಗ್ ಶೆಡ್ಡಿನಿಂದ ರೇವಮ್ಮನನ್ನು ಕರೆಸಿದರು. ಅವಳು ಗುಬ್ಬಿಯವಳು. ಎಂಟು ವರ್ಷದಿಂದ ಡಬ್ಬಗಳಿಗೆ ಅಂಟು ತುಂಬುತ್ತಿದ್ದಳು. ಬಟ್ಟೆ ಹಾಸಿ ಒರೆಸಲು ಬಗ್ಗಿದಳೋ ಇಲ್ಲವೋ—

"ಮುಟ್ಟಬೇಡ! ಪೊಲೀಸ್ ಬರಲಿ," ಎಂದರು ಮ್ಯಾನೇಜರ್ ಸೀತಾರಾಮಯ್ಯ.

ಬಟ್ಟೆ ಅಲ್ಲೇ ಬಿಟ್ಟು ಅವಳು ಬಾಗಿಲ ಬಳಿ ನಿಂತಳು.

ಒಂಬತ್ತೂವರೆಗೆ ಇನ್ಸ್‌ಪೆಕ್ಟರ್ ನರಸಿಂಹಯ್ಯ ಬಂದರು.

"ರಾತ್ರಿ ಪಾಳಿಯಲ್ಲಿ ಯಾರಿದ್ದರು?"

"ಲ್ಯಾಬ್ ಸಹಾಯಕ ಆಂಜನಪ್ಪ ಒಬ್ಬನೇ," ಎಂದ ಶಿವರಾಮಯ್ಯ. "ಬೆಳಿಗ್ಗೆ ಆರಕ್ಕೆ ಲ್ಯಾಬಿಗೆ ಬೀಗ ಹಾಕಿ, ಬೀಗದ ಕೈ ಗೇಟಿಗೆ ಕೊಟ್ಟು ಹೋದ."

"ಆಮೇಲೆ ಆ ಕೈ ಮುಟ್ಟಿದವರು?"

"ಏಳೂವರೆಗೆ ನಾನೇ ತಗೊಂಡೆ. ಒಳಗೆ ಬಂದು ನೋಡಿದರೆ— ಹೀಗಾಗಿತ್ತು!"

ತನ್ನೂರು ಸಿ.ಎಸ್. ಪುರದ ಹತ್ತು ಗಂಟೆಯ ಬಸ್ಸಿಗೆ ಕಾಯುತ್ತಿದ್ದ ಆಂಜನಪ್ಪನನ್ನು ಹಿಡಿದು ತಂದರು. ಅವನ ಮುಖ ಬಿಳಿಚಿಕೊಂಡಿತ್ತು. "ನಾನಲ್ಲ ಬುದ್ಧಿ, ನನ್ ಮಕ್ಕಳಾಣೆಗೂ ನಾನಲ್ಲ!"

ಅವನನ್ನು ಜೀಪಿಗೆ ಹತ್ತಿಸಿದರು. ರೇವಮ್ಮ ಶೆಡ್ಡಿಗೆ ಹಿಂತಿರುಗಲು ಹೊರಟಳು. ಬಟ್ಟೆಯನ್ನಾದರೂ ತಗೊಂಡು ಹೋಗೋಣವೆಂದು ಎಳೆದಳು. ಬರಲಿಲ್ಲ. ಇನ್ನೂ ಜೋರಾಗಿ ಎಳೆದಳು. ಬಟ್ಟೆ ನೆಲಕ್ಕೆ ಕಲ್ಲಿನಂತೆ ಕಚ್ಚಿತ್ತು. ಅವಳು ಬಾಗಿಲಿಗೆ ಓಡಿದಳು.

"ಸ್ವಾಮಿ! ಜೀಪ್ ನಿಲ್ಲಿಸ್ರಿ!"

"ಏನಮ್ಮಾ?" ಎನ್ನುತ್ತ ನರಸಿಂಹಯ್ಯ ಒಳಬಂದರು.

"ಈ ಅಂಟು ಚೆಲ್ಲಿ ಎಷ್ಟೊತ್ತಿಗೆ ಒಣಗ್ತದೆ, ಮ್ಯಾನೇಜರ್‌ನ ಕೇಳಿ."

"ಅರ್ಧ ಗಂಟೆ. ಆಮೇಲೆ ಕಲ್ಲು," ಎಂದರು ಸೀತಾರಾಮಯ್ಯ.

"ಆಂಜನಪ್ಪ ಹೋಗಿದ್ದು ಆರಕ್ಕೆ. ಅವ್ನು ಚೆಲ್ಲಿದ್ರೆ ಎಂಟ್ ಗಂಟೆಗೆ ನಾನ್ ಬರೋ ಹೊತ್ಗೆ ಕಲ್ಲಾಗಿರ್ಬೇಕಿತ್ತು. ಕಲ್ಲಿನ್ ಮೇಲೆ ಹಾಕಿದ್ ಬಟ್ಟೆ ಹೆಂಗೆ ಕಚ್ಕೊಂತು? ನಾನ್ ಹಾಕಿದಾಗ ಅಂಟು ಹಸಿಯಾಗಿತ್ತು ಸ್ವಾಮಿ!"

ನರಸಿಂಹಯ್ಯ ನಿಧಾನವಾಗಿ ತಿರುಗಿದರು.

"ಅಂದರೆ ಡಬ್ಬ ಬಿದ್ದದ್ದು ಏಳೂವರೆಯ ನಂತರ. ಆಗ ಒಳಗಿದ್ದವರು ಒಬ್ಬರೇ— ಅಲ್ಲವೇ ಶಿವರಾಮಯ್ಯನವರೇ? ಬೀರುವಿನ ಕೈ ನಿಮ್ಮಲ್ಲೇ ಇದ್ದರೂ ಬೀಗ ಒಡೆದಿರಿ, ಆಂಜನಪ್ಪನ ತಲೆಗೆ ಕಟ್ಟೋಕೆ. ಒಡೆಯುವಾಗ ಮೇಲಿನ ಡಬ್ಬ ಉರುಳಿತು."

"ಸುಳ್ಳು! ಬೇಕಾದರೆ ನನ್ನನ್ನು ಶೋಧಿಸಿ! ಪುಸ್ತಕ ಎಲ್ಲಿದೆ?"

ರೇವಮ್ಮನ ಕಣ್ಣು ಆಗಲೇ ಅವನ ಮೇಜಿನ ಪಕ್ಕದ ಪೆಟ್ಟಿಗೆಯ ಮೇಲಿತ್ತು. ಬೆಂಗಳೂರಿನ ಲಾರಿಗೆ ಹೋಗಬೇಕಾದ ಸ್ಯಾಂಪಲ್.

"ಸ್ಯಾಂಪಲ್ ಕಟ್ಟೋರು ನಾವು. ಈ ಹಗ್ಗದ್ ಗಂಟು ನಮ್ದಲ್ಲ. ಇದನ್ನ ಕಟ್ಟಿದ್ ಯಾರು?"

ಪೇದೆ ಹಗ್ಗ ಕೊಯ್ದ. ಡಬ್ಬಗಳ ಅಡಿಯಲ್ಲಿ ನೀಲಿ ರಟ್ಟಿನ ಪುಸ್ತಕ! ಶಿವರಾಮಯ್ಯ ಕುರ್ಚಿಗೆ ಕುಸಿದ. ಬೆಂಗಳೂರಿನ ಕಂಪನಿಯೊಂದು ಅವನಿಗೆ ದೊಡ್ಡ ಹುದ್ದೆಯ ಆಸೆ ತೋರಿಸಿತ್ತಂತೆ. ಅವನೇ ಬಾಯಿಬಿಟ್ಟ.

ಸಾಕ್ಷಿಗೆಂದು ಬಟ್ಟೆಯನ್ನು ಕೀಳಲು ಇಬ್ಬರು ಪೇದೆಗಳು ಹೆಣಗಿದರು.

"ಬರಾಕಿಲ್ಲ ಬುಡಿ. ಅಂಟು ನಮ್ದು!" ಎಂದಳು ರೇವಮ್ಮ. ಕೊನೆಗೆ ನೆಲದ ಚಪ್ಪಡಿಯನ್ನೇ ಎಬ್ಬಿಸಬೇಕಾಯಿತು.

ಜೀಪಿನಿಂದ ಇಳಿದ ಆಂಜನಪ್ಪ ಅವಳ ಮುಂದೆ ಕೈಮುಗಿದು ನಿಂತ. "ಹೋಗಿ ಮಲಿಕ್ಕೊಳಣ್ಣ, ರಾತ್ರಿಯೆಲ್ಲ ನಿದ್ದೆಗೆಟ್ಟಿದೀಯ," ಎಂದಳು.

ಶೆಡ್ಡಿಗೆ ಮರಳಿದಾಗ ನಲವತ್ತು ಜನ ಹೆಂಗಸರು ಹೋ ಎಂದು ಮುತ್ತಿಕೊಂಡರು. "ಮೊದ್ಲಿಂದ ಹೇಳೇ! ಒಂದೂ ಬುಡಬ್ಯಾಡ!" ರೇವಮ್ಮ ಸೆರಗು ಸಿಕ್ಕಿಸಿಕೊಂಡು ಹೇಳತೊಡಗಿದಳು. ಕೆಲಸ ನಿಂತಿತ್ತು. ಗದರಿಸಲು ಬಂದ ಸೀತಾರಾಮಯ್ಯನವರೂ ಬಾಗಿಲಿಗೊರಗಿ ಕೇಳುತ್ತ ನಿಂತುಬಿಟ್ಟರು.