ಬೆನ್ನ ಮೇಲಿನ ಕೈ

“ಕೆಮ್ಮು ಮಗಳೇ, ಚೆನ್ನಾಗಿ ಕೆಮ್ಮು!” ಎಂದು ಅತ್ತೆ ಬೆನ್ನು ಸವರಿದಾಗ ಸೊಸೆಯ ಕಣ್ಣು ತುಂಬಿ ಬಂತು. ಈ ಮನೆಗೆ ಕಾಲಿಟ್ಟಂದಿನಿಂದ ‘ಏನೇ’, ‘ಇವಳೇ’ ಬಿಟ್ಟರೆ ಬೇರೆ ಕರೆ ಕೇಳದವಳು ಅವಳು. ತಾಯಿಯಿಲ್ಲದೆ ಬೆಳೆದ ಜೀವ ಆ ಒಂದು ಪದಕ್ಕಾಗಿ ಎಷ್ಟು ಹಂಬಲಿಸಿತ್ತೋ! ಸಿಕ್ಕಿದ್ದು ಎದೆಯಲ್ಲಿ ಗಡ್ಡೆ ಎದ್ದ ಮೇಲೆ, ಅದೂ ಕೆಮ್ಮಿದಾಗ ಮಾತ್ರ.

ಎಡವಟ್ಟು ಶುರುವಾದದ್ದು ಡಾಕ್ಟರಮ್ಮನ ಕೋಣೆಯಲ್ಲಿ. ಗಂಡ ಗೋದಾಮಿನ ಗೇಟು ಕಾಯುವವನೆಂದು ತಿಳಿದು ಆಕೆ ಅವನಿಗೆ ತಿಳಿಯುವಂತೆಯೇ ಹೇಳಿದ್ದರು. “ನೋಡಿ, ಸ್ತನದ ಗಡ್ಡೆ ಒಂಟಿಯಾಗಿ ಬೆಳೆಯಲ್ಲ. ಸುತ್ತಲಿನ ರಕ್ತನಾಳ, ಜೀವಕೋಶ ಎಲ್ಲವನ್ನೂ ಬುಟ್ಟಿಗೆ ಹಾಕ್ಕೊಂಡು ಅಲ್ಲೊಂದು ಸಂಸಾರ ಹೂಡುತ್ತೆ. ರೋಗದ ಜೊತೆ ಹೋರಾಡೋ ಕಾವಲು ಕಣಗಳು ಪಕ್ಕದಲ್ಲೇ ಇರ್ತವೆ, ಆದರೆ ಗಡ್ಡೆ ಅವುಗಳ ಕೈ ಕಟ್ಟಿಹಾಕಿರುತ್ತೆ. ಈ ಇಮ್ಯುನೋಥೆರಪಿ ಅನ್ನೋ ಔಷಧಿ ಆ ಕಟ್ಟು ಬಿಚ್ಚುತ್ತೆ. ಬಿಚ್ಚಿದ ಮೇಲೆ ಕೆಲವು ಸಲ ಅವು ನಮ್ಮ ಮೈಮೇಲೇ ಬೀಳೋದುಂಟು. ಕೆಮ್ಮು, ಉಬ್ಬಸ, ಭೇದಿ, ಏನೇ ಬಂದರೂ ತಕ್ಷಣ ತಿಳಿಸಿ.”

“ಪಕ್ಕದಲ್ಲೇ ಇದ್ದೂ ಕೈ ಕಟ್ಟಿ ನಿಲ್ಲೋ ಕಾವಲುಗಾರರು ನಮ್ಮನೇಲೂ ಒಬ್ಬರಿದ್ದಾರೆ ಡಾಕ್ಟರೇ,” ಎಂದು ಸೊಸೆ ಗಂಡನನ್ನು ನೋಡಿ ನಕ್ಕಿದ್ದಳು. ಅಮ್ಮ ಹೆಂಡತಿಯನ್ನು ಬೈಯುವಾಗ ಗೋಡೆ ನೋಡುವವನು ಆಗಲೂ ಗೋಡೆಯನ್ನೇ ನೋಡಿದ.

ಮಗ ಮನೆಗೆ ಬಂದು ಹೇಳಿದ್ದರಲ್ಲಿ ಅತ್ತೆಯ ತಲೆಗೆ ಹೊಕ್ಕಿದ್ದು ಅರ್ಧ ಮಾತು. ಕೆಲವು ಸಲ ಆ ಔಷಧಿಯ ಡ್ರಿಪ್ ಹಾಕಿಸಿಕೊಂಡು ಬಂದ ಸೊಸೆ ಕೆಮ್ಮತೊಡಗಿದೊಡನೆ, “ಕಾವಲುಗಾರರು ಎದ್ದರು! ಗಡ್ಡೆಗೆ ಒದೆ ಬೀಳ್ತಿದೆ!” ಎಂದು ಹಿಗ್ಗಿದಳು. ಆಸ್ಪತ್ರೆಗೆ ತಿಳಿಸಿದರೆ ಔಷಧಿ ನಿಲ್ಲಿಸುತ್ತಾರೆಂದು ಸೊಸೆಯ ಬಾಯಿ ಮುಚ್ಚಿಸಿದಳು. ಸೊಸೆಗೆ ಡಾಕ್ಟರಮ್ಮನ ಮಾತು ಪೂರ್ತಿ ನೆನಪಿತ್ತು. ಆದರೂ ಹೇಳಲಿಲ್ಲ. ಕೆಮ್ಮು ನಿಂತರೆ ಆ ಕೈಯೂ ಬೆನ್ನಿನಿಂದ ಸರಿದುಹೋಗುತ್ತದಲ್ಲ... ಪ್ರೀತಿಯ ಹಸಿವಿಗೆ ಬುದ್ಧಿ ಎಲ್ಲಿ!

ಒಂದು ಮಧ್ಯಾಹ್ನ ಒಗೆದ ಬಟ್ಟೆ ಮಡಚುತ್ತಿದ್ದವಳಿಗೆ ಉಸಿರೇ ಎಳೆಯಲಾಗಲಿಲ್ಲ. ತುಟಿ ನೀಲಿಗಟ್ಟಿತು. ಗಂಡ ಓಡಿಬಂದು ಅವಳನ್ನು ಎತ್ತಿಕೊಂಡ.

“ಬೇಡ ಕಣೋ! ಔಷಧಿ ನಿಲ್ಲಿಸಿಬಿಡ್ತಾರೆ! ಇವಳು ಉಳಿಯಲ್ಲ!” ಅತ್ತೆ ಬಾಗಿಲಿಗೆ ಅಡ್ಡ ನಿಂತಳು.

“ಆ ಕಡೆ ಸರಿಯಮ್ಮ!” ತನ್ನ ದನಿಗೆ ತಾನೇ ಬೆಚ್ಚಿದ ಅವನು. “ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ದು ಸಾಕು. ನನ್ನ ಹೆಂಡತಿ ಉಸಿರಾಡಬೇಕು!”

ಕಾವಲು ಕಣಗಳು ಶ್ವಾಸಕೋಶವನ್ನೇ ಸುಡುತ್ತಿದ್ದವು. ಅವುಗಳನ್ನು ತಣ್ಣಗಾಗಿಸುವ ಔಷಧಿ ಕೊಟ್ಟ ಡಾಕ್ಟರಮ್ಮ, “ಮೊದಲೇ ಹೇಳಬಾರದಿತ್ತಾ? ಇಮ್ಯುನೋಥೆರಪಿ ಇನ್ನು ಕೊಡೋಕಾಗಲ್ಲ. ಗಡ್ಡೆ ಸ್ವಲ್ಪ ಕುಗ್ಗಿದೆ. ಆಪರೇಷನ್ ಮಾಡಿ ನೋಡೋಣ, ಮಾತು ಕೊಡಲಾರೆ,” ಎಂದರು.

ದಿನ ಕಳೆದಂತೆ ಕೆಮ್ಮು ನಿಂತಿತು. ಅತ್ತೆ ಆಸ್ಪತ್ರೆಯ ಮಂಚದ ತುದಿಯಲ್ಲಿ ಕೈ ಮಡಿಲಲ್ಲಿಟ್ಟು ಕುಳಿತಿದ್ದಳು. ಸೊಸೆ ಆ ಕೈಯನ್ನೇ ನೋಡಿದಳು... ಕಾದಳು... ಕೊನೆಗೆ ತಡೆಯಲಾರದೆ ಸುಳ್ಳಿಗೇ ಒಮ್ಮೆ ಕೆಮ್ಮಿದಳು.

ಮಕ್ಕಳನ್ನು ಸಾಕಿದ ಹೆಂಗಸಿಗೆ ಸುಳ್ಳು ಕೆಮ್ಮು ತಿಳಿಯದೆ? ಅತ್ತೆಯ ಮುಖ ಕುಸಿಯಿತು. “ಅಯ್ಯೋ ಹುಚ್ಚಿ... ಇದಕ್ಕೋಸ್ಕರ ಜೀವ ತೆಗೆದುಕೊಳ್ತಿದ್ಯೇನೇ! ಇಷ್ಟಕ್ಕೇನಾ!” ಎಂದು ಗದರುತ್ತಲೇ ಅವಳ ಬೆನ್ನ ಮೇಲೆ ಕೈಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. “ಕೆಮ್ಮಬೇಡ ಮಗಳೇ... ಇನ್ನು ಕೆಮ್ಮಬೇಡ.”

ಸೊಸೆ ಕೆಮ್ಮಲಿಲ್ಲ. ಕೈ ಬೆನ್ನ ಮೇಲೆಯೇ ಇತ್ತು.