ಒಡೆದ ಪರದೆಯಲ್ಲಿ ಉಳಿದ ಹೆಸರು

೨೦೦೫ರ ಆಗಸ್ಟ್ ೭, ಭಾನುವಾರ ಮಧ್ಯಾಹ್ನ ಮೂರೂವರೆಗೆ ಬಿಟಿಎಂ ಲೇಔಟಿನ ಠಾಣೆಗೆ ಉಮಾಮಹೇಶ್ವರಿ ಎಂಬ ಮಹಿಳೆ ಬಂದರು. ಸೆರಗಿಗೆಲ್ಲ ರಕ್ತ ಮೆತ್ತಿತ್ತು. ಆ ಬಡಾವಣೆಯ ಎರಡನೇ ಹಂತದಲ್ಲಿ ಅವರದೊಂದು ಸಣ್ಣ ಕಂಪನಿ. ಆಸ್ಪತ್ರೆಗಳ ಕಡತಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ. ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಹನಮಂತನ ತಲೆಯನ್ನು ಯಾರೋ ಸರ್ವರ್ ರೂಮಿನಲ್ಲೇ ಜಜ್ಜಿ ಹೋಗಿದ್ದರು. ಆಸ್ಪತ್ರೆಗೆ ಸೇರಿಸಿದಾಗ ಉಸಿರು ಇತ್ತು, ಪ್ರಜ್ಞೆ ಇರಲಿಲ್ಲ. ಇನ್‌ಸ್ಪೆಕ್ಟರ್ ರವಿಕುಮಾರ ಕೊಲೆ ಯತ್ನದ ಎಫ್‌ಐಆರ್ ಹಾಕಿಸಿ, ಹೆಡ್ ಕಾನ್‌ಸ್ಟೇಬಲ್ ಬೈರಣ್ಣನನ್ನು ಕರೆದುಕೊಂಡು ಹೊರಟ.

ನೆಲದ ಮೇಲೆ ರಕ್ತ, ಎರಡು ಹಲ್ಲು, ಬೇರುಸಹಿತ ಕಿತ್ತ ಒಂದು ಹಿಡಿ ಕೂದಲು. ಕೀಬೋರ್ಡಿನ ಮೇಲೆ ಒರೆಸಿದ ರಕ್ತ. ಮಾನಿಟರ್ ಪುಡಿಪುಡಿ. ಹಿಂದಿನ ಶಟರಿನ ಬೀಗ ಮುರಿದಿಲ್ಲ, ಆದರೆ ತೆರೆದಿದೆ ಎಂದೂ ಬೈರಣ್ಣ ಪಂಚನಾಮೆಯಲ್ಲಿ ಬರೆದ. ಬರೆದವನು ಮರೆತ.

"ಈ ರೂಮಿಗೆ ಯಾರ್‍ಯಾರು ಬರಬಹುದು?" ರವಿಕುಮಾರ ಉಮಾಮಹೇಶ್ವರಿಯನ್ನು ಕೇಳಿದ.

"ಕಾರ್ಡ್ ಇದ್ದೋರು ಮಾತ್ರ ಸಾರ್. ಹನಮಂತ, ಗುರುಸಿದ್ದ. ಹೋದ ತಿಂಗಳು ವೈರಸ್ ಬಂದು ಕೆಲಸ ಎಲ್ಲಾ ಹಾಳಾಯ್ತು. ಆಮೇಲೆ ಹನಮಂತನೇ ಕಾರ್ಡು, ಕ್ಯಾಮೆರಾ, ಬ್ಯಾಕಪ್ ಎಲ್ಲಾ ಮಾಡಿಸ್ದ."

"ಕ್ಯಾಮೆರಾದಲ್ಲಿ ಏನಿದೆ?"

ಉಮಾಮಹೇಶ್ವರಿ ಒಡೆದ ಮಾನಿಟರ್ ತೋರಿಸಿದರು. "ಎಲ್ಲಾ ಇದರಲ್ಲೇ ಇತ್ತು ಸಾರ್. ಪಾಸ್‌ವರ್ಡ್ ಅವನೊಬ್ಬನಿಗೇ ಗೊತ್ತಿದ್ದಿದ್ದು."

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಮಾತು ನಮ್ಮಲ್ಲಿದೆ. ಇವರು ಹಾಕಿದ್ದರು, ಪಾಪ; ಮುಂದಿನ ಬಾಗಿಲಿಗೆ ಮಾತ್ರ.

ಗುರುಸಿದ್ದನೂ ಅಲ್ಲೇ ಕೆಲಸಕ್ಕಿದ್ದ; ಹನಮಂತನಂತೆಯೇ ಕೊಪ್ಪಳ ಕಡೆಯವನು, ಅವನ ಜೊತೆ ಒಂದೇ ರೂಮಿನಲ್ಲಿದ್ದವನು. ಎರಡನೇ ಕಾರ್ಡು ಅವನದು. ಬೈರಣ್ಣನಿಗೆ ಅಷ್ಟು ಸಾಕಾಯಿತು. ಸಂಜೆ ಠಾಣೆಯಲ್ಲಿ ಅಂಗಾಲಿಗೆ ಲಾಠಿ ಬಿತ್ತು, ಆಮೇಲೆ ಬೆರಳಿಗೆ. "ಯಾಕೋ ಹೊಡೆದೆ?" ಎಂಬ ಒಂದೇ ಪ್ರಶ್ನೆ. "ನಾ ಅಲ್ರಿ" ಎಂಬ ಒಂದೇ ಉತ್ತರ. ರವಿಕುಮಾರ ಪಕ್ಕದ ಕೋಣೆಯಲ್ಲಿ ಕೂತು ಕೇಳಿಸಿಕೊಂಡ, ತಡೆಯಲಿಲ್ಲ. ಅದು ಅನ್ಯಾಯ, ಬೇರೆ ಹೆಸರಿಲ್ಲ.

ಸೋಮವಾರ ಬೆಳಿಗ್ಗೆ ಉಮಾಮಹೇಶ್ವರಿ ಫೋನ್ ಮಾಡಿದರು. ಕಡತಗಳ ಬ್ಯಾಕಪ್ ವಿಲ್ಸನ್ ಗಾರ್ಡನ್ನಿನ ಅವರ ಮನೆಯಲ್ಲಿತ್ತಂತೆ, ಒಂದೂ ಕಳೆದಿರಲಿಲ್ಲ. "ಅವನು ಮಾಡಿದ ಕೆಲಸಕ್ಕೆ ಬ್ಯಾಕಪ್ ಇದೆ. ಅವನಿಗೇ ಇಲ್ಲ," ಎಂದು ಅತ್ತರು. ಆಮೇಲೆ ಮುಖ್ಯವಾದ ಸುದ್ದಿ ಹೇಳಿದರು: ಬೇರೆ ಮಾನಿಟರ್ ಜೋಡಿಸಿ ನೋಡಿದರೆ ಸರ್ವರ್ ಇನ್ನೂ ಓಡುತ್ತಿದೆ. ಒಡೆದವನು ಟೀವಿಯಂಥ ಪೆಟ್ಟಿಗೆಯೇ ಕಂಪ್ಯೂಟರ್ ಎಂದುಕೊಂಡಿದ್ದ.

ಕೈ ಊದಿದ್ದ ಗುರುಸಿದ್ದನನ್ನೂ ಜೀಪಿನಲ್ಲಿ ಕಂಪನಿಗೆ ಕರೆತಂದರು. ಹೊಸ ಮಾನಿಟರಿನಲ್ಲಿ ಪರದೆ ನಿನ್ನೆ ಬಿಟ್ಟ ಹಾಗೆಯೇ ನಿಂತಿತ್ತು. ಬಳಕೆದಾರನ ಹೆಸರು ಕೇಳುವ ಜಾಗದಲ್ಲಿ ಯಾರೋ ಇಂಗ್ಲಿಷ್ ಅಕ್ಷರದಲ್ಲಿ 'ಹುಲಿಗೆಮ್ಮ' ಎಂದು ಹೊಡೆದಿದ್ದರು.

"ಏನಿದು?"

ಗುರುಸಿದ್ದ ಪರದೆಗೆ ಬಾಗಿ ಓದಿದ. "ಹನಮಂತನ ಅವ್ವನ ಹೆಸರ್ರಿ ಸರ. ತಾಯಿ ಹೆಸರ ಪಾಸ್‌ವರ್ಡ್ ಇಡಬ್ಯಾಡ್ರಿ ಅಂತ ಆಫೀಸಿಗೆಲ್ಲಾ ಹೇಳ್ತಿದ್ದ, ತಾನ ಇಟ್ಟಾನ. ಆದ್ರ ಅಕಿ ಹೆಸರ ಹುಲಿಗೆವ್ವ ರೀ. ಅಕಿ ಕೈಯಾಗ ರೊಟ್ಟಿ ತಿಂದಾಂವ ನಾನು, ಅಮ್ಮ ಅಂತ ಬರಿತೀನೇನ್ರಿ?"

ರವಿಕುಮಾರನಿಗೆ ಹೊಳೆಯಿತು. ಏಟು ತಿನ್ನುತ್ತಿದ್ದ ಹನಮಂತ 'ಅವ್ವ' ಎಂದಿದ್ದ. ಕೇಳಿಸಿಕೊಂಡವನ ಬೆರಳು ತನ್ನ ರೂಢಿಯಂತೆ 'ಅಮ್ಮ' ಎಂದು ಬರೆದಿತ್ತು. ಹೊಡೆದವನು ಈ ಬೆಂಗಳೂರು ಕಡೆಯವನೇ.

"ಹಿಂದಿನ ಶಟರ್ ಕೀ ಯಾರ ಹತ್ರ ಇರುತ್ತೆ ಮೇಡಂ?"

"ಬಿಲ್ಡಿಂಗ್ ಓನರ್ ಹತ್ರ. ಚಿಕ್ಕಬೈರಪ್ಪನೋರು, ಮೇಲ್ಗಡೆ ಮನೆ."

ಗುರುಸಿದ್ದ ಸರಿಯಾದ ಜಾಗದಲ್ಲಿ 'ಹುಲಿಗೆವ್ವ' ಎಂದು ಒಂದು ಬೆರಳಿನಲ್ಲಿ ಒತ್ತಿದ. ತೆರೆಯಿತು. ಕ್ಯಾಮೆರಾದ ಚಿತ್ರಕ್ಕೆ ದನಿ ಇರಲಿಲ್ಲ. ಅದರಲ್ಲಿದ್ದವನನ್ನು ಉಮಾಮಹೇಶ್ವರಿ ಗುರುತಿಸಿದರು: ಚಿಕ್ಕಬೈರಪ್ಪನ ಮಗ ಶಿವರಾಮ್. ಅವನು ಕಬ್ಬಿಣದ ಹಾರೆಯಿಂದ ಹೊಡೆದ. ಬಿದ್ದವನಿಗೆ ಮತ್ತೆ ಹೊಡೆದ. ತಲೆ ಎತ್ತಿದಾಗ ಕ್ಯಾಮೆರಾ ಕಂಡು ಬೆದರಿದ. ಹನಮಂತನ ಕೂದಲು ಹಿಡಿದು ಕಂಪ್ಯೂಟರಿನ ಮುಂದೆ ಎಳೆದ, ಬಾಯಿಗೆ ಗುದ್ದಿದ. ಹನಮಂತನ ತುಟಿ ಅಲುಗಿತು. ಶಿವರಾಮ್ ಕೀಬೋರ್ಡಿನಲ್ಲಿ ಏನೋ ಒತ್ತಿದ, ತೆರೆಯದಿದ್ದಾಗ ಮಾನಿಟರಿಗೇ ಹಾರೆ ಬೀಸಿದ.

ಶಿವರಾಮ್ ತಾರಸಿಯಲ್ಲಿ ಪಾರಿವಾಳಗಳಿಗೆ ಕಾಳು ಹಾಕುತ್ತಿದ್ದ. ಪೊಲೀಸರನ್ನು ಕಂಡವನೇ ಗೂಡಿನ ಹಿಂದಿನಿಂದ ಅದೇ ಹಾರೆ ಎಳೆದು ಬೀಸಿದ. ಬೈರಣ್ಣನ ಮುಂಗೈ ಮುರಿಯಿತು, ಲಾಠಿ ಹಿಡಿಯುವ ಕೈಯೇ. ರವಿಕುಮಾರ ಹೊಟ್ಟೆಗೆ ಒದ್ದು ಕೆಡವಿ, ಬೆನ್ನ ಮೇಲೆ ಮಂಡಿಯೂರಿ ಕೈಕೋಳ ಹಾಕಿದ.

"ಯಾಕೋ?"

"ವೈರಸ್ ಬಂದಿದ್ದು ನನ್ನ ಸಿಡಿಯಿಂದ ಸಾರ್. ತಂಗಿ ಮದ್ವೆ ಸಿಡಿ ಆಫೀಸ್ ಕಂಪ್ಯೂಟರಲ್ಲಿ ಹಾಕ್ಸಿ ನೋಡ್ತಿದ್ದೆ. ಆಮೇಲೆ ಆಫೀಸ್ ಹುಡ್ಗೀರ್ ಎದುರಿಗೇ ಹನಮಂತ, ಕಾರ್ಡ್ ಇಲ್ದೋರ್ನ ಒಳಗ್ ಬಿಡಲ್ಲ ಅಂದ. ನಮ್ಮಜ್ಜಿ ಅಕ್ಕಯಮ್ಮ ಕನಕಾಂಬರ ಬೆಳೀತಿದ್ದ ಜಾಗ ಅದು. ಅಲ್ಲಿ ನಂಗೆ ಕಾರ್ಡಾ?"

"ಅದಕ್ಕೆ ಹೀಗೆ ಹೊಡೀತಾರಾ?"

"ಹೆದ್ರಿಸೋಣ ಅಂತ ಹೋದೆ. ಆಗ್ಲೂ ಕಾರ್ಡ್ ಎಲ್ಲಿ ಅಂತ ಕೇಳ್ದ."

ಹನಮಂತ ಮಂಗಳವಾರ ತೀರಿಕೊಂಡ. ಕೊಲೆ ಯತ್ನದ ಪ್ರಕರಣ ಕೊಲೆ ಪ್ರಕರಣವಾಯಿತು. ಶವಾಗಾರದ ಮೆಟ್ಟಿಲ ಮೇಲೆ ಹುಲಿಗೆವ್ವ ಕೂತಿದ್ದಳು. ಗುರುಸಿದ್ದ ಊದಿದ ಕೈಯಲ್ಲೇ ಅವಳಿಗೆ ನೀರು ಹಿಡಿದಿದ್ದ. ರವಿಕುಮಾರನ ಕಡೆ ಅವನು ತಿರುಗಿಯೂ ನೋಡಲಿಲ್ಲ.

"ಸಾಹೇಬ್ರ, ನನ್ನ ಮಗ ಕಡೀಕ ಏನರ ಅಂದ್ನೇನ್ರಿ?"

ಪಾಸ್‌ವರ್ಡಿನ ಸಂಗತಿ ರವಿಕುಮಾರ ಹೇಳಲಿಲ್ಲ. ಅಮ್ಮ ಅಂದ ಎಂದು ಬಾಯಿಗೆ ಬಂದಿತ್ತು, ತಿದ್ದಿಕೊಂಡ.

"ಅವ್ವ ಅಂದ," ಎಂದ.